ದೊಡ್ಡ ಮಡಚು ಚಾಕು: ಒಪಿನೆಲ್ 12 ತಗೊಳ್ಳಲಾ, ವಿಕ್ಟೋರಿನಾಕ್ಸ್ ಹಂಟರ್ ಪ್ರೋ ತಗೊಳ್ಳಲಾ?

ಸಾಗರದ_ತೋಟ:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಮಧ್ಯೆ ಕಾಳುಮೆಣಸು, ಬಾಳೆ, ಸ್ವಲ್ಪ ಏಲಕ್ಕಿ ಇದೆ. ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತದೆ, ಪ್ರಶ್ನೆ ಅದರ ಬಗ್ಗೆ ಅಲ್ಲ. ನನಗೆ ಬೇಕಿರುವುದು ಜೇಬಿಗೆ ಹಾಕಿಕೊಳ್ಳುವ ಒಂದು ದೊಡ್ಡ ಮಡಚು ಚಾಕು. ಮೆಣಸಿನ ಬಳ್ಳಿ ಕಟ್ಟುವ ದಾರ ತುಂಡು ಮಾಡುವುದು, ಡ್ರಿಪ್ ಪೈಪ್ ಕೊಯ್ಯುವುದು, ಗೊಬ್ಬರದ ಚೀಲ ಬಿಚ್ಚುವುದು, ಇಂಥ ಸಣ್ಣ ಕೆಲಸಕ್ಕೆಲ್ಲ ಕತ್ತಿ ಸರಿ ಬರುವುದಿಲ್ಲ.

ಇಷ್ಟು ದಿನ ಜಾತ್ರೆಯಲ್ಲಿ ಕೊಂಡ ಒಂದು ಚಾಕು ಇತ್ತು. ಅದಕ್ಕೆ ಲಾಕ್ ಇರಲಿಲ್ಲ. ಹೋದ ಜುಲೈನಲ್ಲಿ ಮಳೆ ಹನಿಯುತ್ತಿರುವಾಗಲೇ ಪೈಪ್ ಕೊಯ್ಯುತ್ತಿದ್ದೆ. ಅಲಗು ಪೈಪಿನಲ್ಲಿ ಸಿಕ್ಕಿಕೊಂಡಿತು, ಬಿಡಿಸಲು ಸ್ವಲ್ಪ ತಿರುಗಿಸಿದೆ, ಅಷ್ಟರಲ್ಲಿ ಚಾಕು ಬೆರಳ ಮೇಲೆಯೇ ಮಡಚಿಕೊಂಡಿತು. ತೋರುಬೆರಳಿಗೆ 4 ಹೊಲಿಗೆ ಬಿತ್ತು. ಈಗಲೂ ಚಳಿಯಲ್ಲಿ ಆ ಬೆರಳು ಜೋಮು ಹಿಡಿಯುತ್ತದೆ.

ಭಾವ ಫ್ರಾನ್ಸಿನ ಲಿಯೋನ್‌ನಲ್ಲಿದ್ದಾರೆ, ಮುಂದಿನ ತಿಂಗಳು ಊರಿಗೆ ಬರುತ್ತಾರೆ. ಯಾವುದು ಬೇಕು ಹೇಳು, ತರುತ್ತೇನೆ ಅಂದಿದ್ದಾರೆ. ಒಪಿನೆಲ್ 12ರ ಅಲಗು 12 ಸೆಂ.ಮೀ., ಮರದ ಹಿಡಿ, ರೇಟೂ ಕಡಿಮೆ. ಹಂಟರ್ ಪ್ರೋ ಅಲಗು 10 ಸೆಂ.ಮೀ. ಹತ್ತಿರ ಇದೆ, ಆದರೆ ದುಡ್ಡು ಮೂರ್ನಾಲ್ಕು ಪಟ್ಟು. ಮನಸ್ಸು ಒಪಿನೆಲ್ ಕಡೆಗಿದೆ. ಬಳಸಿದವರು ಹೇಳಿ.

ಕಾಫಿಗಿಡ:

ನಾನು ಮೂಡಿಗೆರೆ ಕಡೆಯವನು. ಒಪಿನೆಲ್ 10, ಕಾರ್ಬನ್ ಉಕ್ಕಿನದ್ದು, 6 ವರ್ಷದಿಂದ ನನ್ನ ಹತ್ತಿರ ಇದೆ. ಮೊದಲು ಅದರ ಒಳ್ಳೆಯದನ್ನೇ ಹೇಳುತ್ತೇನೆ. ಅಲಗು ತೆಳು. ಟೊಮೆಟೊ ಮೇಲೆ ಇಟ್ಟರೆ ಸಾಕು, ತನ್ನಷ್ಟಕ್ಕೇ ಇಳಿಯುತ್ತದೆ. ದಪ್ಪ ಅಲಗಿನ ಚಾಕುಗಳು ಸೀಳುತ್ತವೆ, ಇದು ಕೊಯ್ಯುತ್ತದೆ. 1890ರಲ್ಲಿ ಫ್ರಾನ್ಸಿನ ಸಾವೊಯ್ ಬೆಟ್ಟದ ಕಡೆ ಜೋಸೆಫ್ ಒಪಿನೆಲ್ ಅನ್ನುವವರು ರೈತರಿಗೆ ಅಂತಲೇ ಮಾಡಿದ ಚಾಕು ಇದು, ಆಕಾರ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಕೈಗೆ ತೆಗೆದುಕೊಂಡರೆ ಯಾಕೆ ಅಂತ ಗೊತ್ತಾಗುತ್ತದೆ.

ಆದರೆ ನಮ್ಮ ಮಳೆಗೆ ಅದು ಹೇಳಿ ಮಾಡಿಸಿದ್ದಲ್ಲ ಮಾರಾಯ್ರೆ. ಹಿಡಿ ಬೀಚ್ ಮರದ್ದು. ಜೂನ್ ಮಧ್ಯಕ್ಕೆ ಮರ ನೀರು ಕುಡಿದು ಊದಿಕೊಳ್ಳುತ್ತದೆ, ಅಲಗು ಒಳಗೇ ಕಚ್ಚಿಕೊಂಡು ಕೂತುಬಿಡುತ್ತದೆ. ಉಗುರು ಹಾಕಿ ಎಳೆದರೆ ಉಗುರೇ ಕಿತ್ತು ಬರಬೇಕು. ಅದಕ್ಕೊಂದು ಉಪಾಯ ಇದೆ. ಹಿಡಿಯ ತಲೆಗಿರುವ ಲಾಕ್ ಉಂಗುರ ಬಿಡಿಸಿಕೊಂಡು, ಹಿಡಿಯ ಹಿಂತುದಿಯನ್ನು ಕಲ್ಲಿಗೋ ಮೆಟ್ಟಿಲಿಗೋ ಟಕ್ ಅಂತ ಕುಟ್ಟಿದರೆ ಅಲಗಿನ ತುದಿ ಸ್ವಲ್ಪ ಹೊರಗೆ ಬರುತ್ತದೆ, ಆಮೇಲೆ ಎರಡು ಬೆರಳಲ್ಲಿ ಹಿಡಿದು ಬಿಡಿಸಬಹುದು. ಸಾವೊಯ್ ಜನರೂ ಹಾಗೇ ಮಾಡುತ್ತಾರೆ. ಆದರೆ ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕುವ ಚಾಕುವಿಗೆ ಹೀಗೆ ಮಾಡುತ್ತಾ ಕೂರಲು ಆಗುತ್ತದಾ? ಬೇಸಿಗೆಯಲ್ಲಿ ಹಿಡಿ ಚೆನ್ನಾಗಿ ಒಣಗಿಸಿ, ಅಗಸೆ ಎಣ್ಣೆ ಎರಡು ಮೂರು ಸಲ ಕುಡಿಸಿದ ಮೇಲೆ ನನ್ನದು ಸುಮಾರು ಸುಧಾರಿಸಿದೆ. ಪೂರ್ತಿ ಅಲ್ಲ.

ಸಾಣೆ_ಕಲ್ಲು:

ಬೆರಳಿನ ಕತೆ ಓದಿದ ಮೇಲೆ ನಾನು ಬೇರೆ ಯಾವುದನ್ನೂ ನೋಡುವುದಿಲ್ಲ, ಲಾಕ್ ಒಂದನ್ನೇ ನೋಡುತ್ತೇನೆ.

ಒಪಿನೆಲ್‌ಗೆ ಲಾಕ್ ಅಂದರೆ ಹಿಡಿಯ ತಲೆಗೆ ಹಾಕಿರುವ ಉಕ್ಕಿನ ಉಂಗುರ, 1955ರಲ್ಲಿ ಬಂದದ್ದು. ಅಲಗು ಬಿಡಿಸಿದ ಮೇಲೆ ಆ ಉಂಗುರವನ್ನು ನೀವೇ ತಿರುಗಿಸಬೇಕು. ತಿರುಗಿಸಿದರೆ ಗಟ್ಟಿ, ಅದರಲ್ಲಿ ಮಾತಿಲ್ಲ. ಮರೆತರೆ ಮಾತ್ರ ನಿಮ್ಮ ಜಾತ್ರೆ ಚಾಕುವಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ತೋಟದಲ್ಲಿ ಒಂದು ಕೈಯಲ್ಲಿ ಬಳ್ಳಿ ಹಿಡಿದಿರುತ್ತೀರಿ, ಇನ್ನೊಂದು ಕೈಗೆ ಬಾಳೆಯ ರಸ ಹತ್ತಿರುತ್ತದೆ. ಆವಾಗ ಆ ನುಣ್ಣನೆಯ ಉಂಗುರ ತಿರುಗಿಸುವ ತಾಳ್ಮೆ ಎಷ್ಟು ಜನಕ್ಕೆ ಇರುತ್ತದೆ? ಹಂಟರ್ ಪ್ರೋದಲ್ಲಿ ಅಲಗು ಪೂರ್ತಿ ತೆರೆದ ಕೂಡಲೇ ಬೆನ್ನಿನ ಲಾಕ್ ಕಟಕ್ ಅಂತ ತಾನೇ ಬೀಳುತ್ತದೆ. ಹಿಡಿಯ ಬೆನ್ನು ಒತ್ತಿದರೆ ಮಾತ್ರ ಮಡಚುತ್ತದೆ. ಅಲಗಿನಲ್ಲಿ ಹೆಬ್ಬೆರಳಿಗೆ ತೂತೂ ಇದೆ, ಒಂದೇ ಕೈಯಲ್ಲಿ ತೆರೆಯಬಹುದು.

ಉಕ್ಕಿನ ವಿಷಯ. ವಿಕ್ಟೋರಿನಾಕ್ಸ್ ಉಕ್ಕು ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 56ರ ಆಸುಪಾಸು. ತುಂಬಾ ಗಟ್ಟಿ ಅಲ್ಲ, ಬೇಗ ಮೊಂಡಾಗುತ್ತದೆ ಅಂತ ಬೈಯುವವರಿದ್ದಾರೆ. ಆದರೆ ಸಾದಾ ಸಾಣೆ ಕಲ್ಲಿಗೆ ನೀರು ಹಾಕಿ ಐದು ನಿಮಿಷ ಮಸೆದರೆ ಅಂಚು ಮತ್ತೆ ಬರುತ್ತದೆ. ಮಣ್ಣು ಮೆತ್ತಿದ ಪೈಪ್ ಕೊಯ್ಯುವವರಿಗೆ ಇದೇ ಒಳ್ಳೆಯದು.

ಕಾರ್ಬನ್ ಒಪಿನೆಲ್ ಅಡಿಕೆ ತೋಟಕ್ಕೆ ಬೇಡವೇ ಬೇಡ. ಅಡಿಕೆ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಮಸಿ ಮಾಡುತ್ತಿದ್ದರಲ್ಲ, ಅದೇ ಕೆಲಸ ನಿಮ್ಮ ಅಲಗಿನ ಮೇಲೆ ನಡೆಯುತ್ತದೆ. ಕಪ್ಪಾದರೆ ತೊಂದರೆ ಇಲ್ಲ, ಆದರೆ ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೆ ತುಕ್ಕು ಗ್ಯಾರಂಟಿ.

ಸಾಗರದ_ತೋಟ:

ಉಂಗುರ ಮರೆಯುವ ವಿಷಯ ನನಗೆ ಹೊಳೆದೇ ಇರಲಿಲ್ಲ. ಖಂಡಿತ ಮರೆಯುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು. ಆದರೂ 12 ಸೆಂ.ಮೀ. ಅಲಗಿನ ಆಸೆ ಬಿಡುತ್ತಿಲ್ಲ. ಇನ್ನೊಂದು, ಇಷ್ಟು ದೊಡ್ಡ ಚಾಕು ಜೇಬಿನಲ್ಲಿದ್ದರೆ ಪೊಲೀಸ್ ಕಿರಿಕಿರಿ ಏನಾದರೂ ಇದೆಯಾ?

ಚಾರಣಿಗ:

2016ರ ಆಯುಧ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಲೈಸೆನ್ಸ್ ವಿಷಯ ಬರುತ್ತದೆ. ಮನೆಗೆಲಸಕ್ಕೆ, ಕೃಷಿಗೆ ಅಂತ ಮಾಡಿದವಕ್ಕೆ ಅದರಲ್ಲೇ ವಿನಾಯಿತಿ ಇದೆ. ನೀವು ಹೇಳಿದ ಎರಡೂ 5 ಇಂಚಿನ ಒಳಗೆ. ಹಾಗಂತ ಪೇಟೆಗೆ, ಜಾತ್ರೆಗೆ, ಬೆಂಗಳೂರು ಮೆಟ್ರೋಗೆ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡಿ. ತೋಟದ ಚಾಕು ತೋಟದಲ್ಲೇ ಇರಲಿ.

ಉದ್ದದ ಆಸೆಗೆ ಒಂದು ಪರೀಕ್ಷೆ ಹೇಳುತ್ತೇನೆ. ಒಪಿನೆಲ್ 12 ಮಡಚಿದರೂ 16 ಸೆಂ.ಮೀ. ಉದ್ದ. ಹಂಟರ್ ಪ್ರೋ 13.6. ಆ ಅಳತೆಗೆ ಎರಡು ಕೋಲು ಕೊಯ್ದು, ಒಂದೊಂದು ದಿನ ಒಂದೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಕೆಲಸ ಮಾಡಿ ನೋಡಿ. ತೂಕದಲ್ಲಿ ಮಾತ್ರ ಒಪಿನೆಲ್ಲೇ ಗೆಲ್ಲುತ್ತದೆ, ಹಂಟರ್ ಪ್ರೋ ಜೇಬು ಎಳೆಯುತ್ತದೆ. ಅದೂ ನೆನಪಿರಲಿ.

ಸಾಗರದ_ತೋಟ:

ಮಾಡಿ ನೋಡಿದೆ! ಅಡಿಕೆ ದಬ್ಬೆಯಲ್ಲಿ ಎರಡು ತುಂಡು ಮಾಡಿಕೊಂಡೆ. ನಿನ್ನೆ 16ರದ್ದು. ಬೆಳಿಗ್ಗೆ ನಿಂತು ಕೆಲಸ ಮಾಡುವಾಗ ಗೊತ್ತೇ ಆಗಲಿಲ್ಲ. ಮೆಣಸಿನ ಬುಡಕ್ಕೆ ಗೊಬ್ಬರ ಹಾಕಲು ಕುಕ್ಕರಗಾಲಲ್ಲಿ ಕೂತ ಕೂಡಲೇ ತೊಡೆಸಂದಿಗೆ ಚುಚ್ಚಲು ಶುರು. ಮಧ್ಯಾಹ್ನದ ಹೊತ್ತಿಗೆ ತೆಗೆದು ಬೇಲಿ ಮೇಲೆ ಇಟ್ಟೆ, ಅಲ್ಲೇ ಮರೆತು ಮನೆಗೆ ಬಂದೆ. ನಿಜವಾದ ಚಾಕು ಆಗಿದ್ದರೆ ಅಷ್ಟೇ ಅಲ್ವಾ. ಇವತ್ತು ಸಣ್ಣದು ಇಡೀ ದಿನ ಜೇಬಿನಲ್ಲೇ ಇತ್ತು.

ಹಾಗಾಗಿ ತೋಟಕ್ಕೆ ಹಂಟರ್ ಪ್ರೋ. ಒಪಿನೆಲ್ ಆಸೆಯನ್ನು ಅಡುಗೆಮನೆಯಲ್ಲಿ ತೀರಿಸಿಕೊಳ್ಳುತ್ತೇನೆ, ಅಮ್ಮನಿಗೆ 10 ನಂಬರಿನದ್ದು ಒಂದು ತರಿಸುತ್ತೇನೆ. ಮಾವಿನಕಾಯಿ, ತರಕಾರಿ ಹೆಚ್ಚಲು. ಯಾವ ಉಕ್ಕು ಹೇಳಲಿ?

ಕಾಫಿಗಿಡ:

ಮಾವಿನಕಾಯಿ ಹುಳಿಗೆ ಕಾರ್ಬನ್ ಕೊಟ್ಟರೆ ಹೋಳಿಗೂ ಕಪ್ಪು ಬಣ್ಣ ಹಿಡಿಯುತ್ತದೆ, ಅಮ್ಮ ಎರಡನೇ ದಿನವೇ ಮೂಲೆಗೆ ಹಾಕುತ್ತಾರೆ. ಸ್ಟೇನ್‌ಲೆಸ್ ತರಿಸಿ. ಭಾವನಿಗೆ ಅಲಗಿನ ಮೇಲೆ ಇನಾಕ್ಸ್ ಅಂತ ಬರೆದದ್ದನ್ನೇ ನೋಡಿ ತೆಗೆದುಕೊಳ್ಳಲು ಹೇಳಿ, ಕಾರ್ಬನ್ ಆದರೆ ಕಾರ್ಬೋನ್ ಅಂತ ಇರುತ್ತದೆ. ಅಲಗು ಮಡಚುವ ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಡಿಸೆಂಬರ್ ಚಳಿಗೆ ಅದು ಒಳಗೇ ಗಟ್ಟಿಯಾಗುತ್ತದೆ. ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು. ಮತ್ತೆ ಎರಡನ್ನೂ ಚೆಕ್ ಇನ್ ಮಾಡುವ ದೊಡ್ಡ ಬ್ಯಾಗಿನಲ್ಲಿ ಹಾಕಲು ಈಗಲೇ ಹೇಳಿಬಿಡಿ. ಕೈಚೀಲದಲ್ಲಿದ್ದರೆ ಏರ್‌ಪೋರ್ಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.