ಪದ ಬೇಕು: ‘ಬ್ಲ್ಯಾಕ್ ಸೋಲ್ಜರ್ಸ್’, ಸ್ವಲ್ಪ ಅರ್ಜೆಂಟು

ನಮಸ್ಕಾರ. ಬಾಸ್ಟನ್ನಿನಲ್ಲಿರುವ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಸ್ಮಾರಕದ ಫೋಟೋಗೆ ಅಡಿಬರಹ ಬೇಕು, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ. ಅಮೆರಿಕದ ಅಂತರ್ಯುದ್ಧದ್ದು. ಆಗಸ್ಟಸ್ ಸೇಂಟ್-ಗಾಡೆನ್ಸ್ ಮಾಡಿದ ಕಂಚಿನ ಉಬ್ಬುಶಿಲ್ಪ, 1897ರಲ್ಲಿ ಅನಾವರಣವಾಗಿದ್ದು. ಕುದುರೆ ಮೇಲೆ ಬಿಳಿಯ ಕರ್ನಲ್ ರಾಬರ್ಟ್ ಶಾ, ಪಕ್ಕದಲ್ಲಿ ಬಂದೂಕು ಹೊತ್ತು ನಡೆಯುವವರು. ಆ ನಡೆಯುವವರನ್ನು ಏನೆನ್ನಲಿ? ‘ಕರಿಯ ಸೈನಿಕರು’ ಅಂದರೆ ಬೈದ ಹಾಗೆ ಕೇಳುತ್ತದೆ, ‘ಕಪ್ಪುವರ್ಣೀಯ’ ಸುಮ್ನೆ ಪೇಪರ್ ಭಾಷೆ.

> ಬೈದ ಹಾಗೆ ಕೇಳುತ್ತದೆ

ಯಾರ ಕಿವಿಗೆ? ಕರಿ, ಕಾರ್ಮುಗಿಲು, ಕರುನಾಡು, ಎಲ್ಲದರ ಬೇರೂ ಒಂದೇ. ‘ಕರಿಯಾಳು ಪಡೆ’ ಅನ್ನಿ. ಸೈನಿಕ ಸಂಸ್ಕೃತ, ಸಿಪಾಯಿ ಪಾರಸಿ. ಮನೆಯಲ್ಲೇ ಇರುವಾಗ ಸಾಲ ಯಾಕೆ?

> ಕರಿಯಾಳು ಪಡೆ

ದಯವಿಟ್ಟು ಬೇಡ. ಕಾಲಾಳು ಸರಿ, ಆದರೆ ಬೇರೆ ಕಡೆ ಆಳು ಅಂದರೆ ಇವತ್ತು ಕೂಲಿಯವನೇ. 54ನೇ ರೆಜಿಮೆಂಟಿನ ಈ ಕಪ್ಪು ಜನರ ಜಗಳ ಇದ್ದದ್ದೇ ಅದರ ಮೇಲೆ. ಬಿಳಿಯರಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ, ಯಾಕೆಂದರೆ 1862ರ ಕಾನೂನು ಸೇನೆಗೆ ಬರುವ ಕಪ್ಪು ಜನರಿಗೆ ಕೂಲಿಯ ದರವನ್ನೇ ಬರೆದಿಟ್ಟಿತ್ತು. 54ನೇ ರೆಜಿಮೆಂಟಿನವರು ಆ ದುಡ್ಡು ಮುಟ್ಟಲೇ ಇಲ್ಲ. 1864ರಲ್ಲಿ ಅಮೆರಿಕದ ಸಂಸತ್ತು ಸಮ ಸಂಬಳ ಒಪ್ಪಿದ ಮೇಲೆಯೇ ತೆಗೆದುಕೊಂಡದ್ದು. ಆ ಹೊತ್ತಿಗೆ ಎಷ್ಟೋ ಜನ, ಕರ್ನಲ್ ಶಾ ಕೂಡ, ಶತ್ರುಗಳ ಕೋಟೆ ಫೋರ್ಟ್ ವ್ಯಾಗ್ನರ್ ಮೇಲೆ ನುಗ್ಗಿ ಸತ್ತಾಗಿತ್ತು. ಸ್ಮಾರಕದ ಮೇಲೆ ಸತ್ತ ಬಿಳಿ ಅಧಿಕಾರಿಗಳ ಹೆಸರು ಮೊದಲಿನಿಂದಲೂ ಇತ್ತು, ಇವರ ಹೆಸರು ಕೆತ್ತಿದ್ದು 1980ರ ದಶಕದಲ್ಲಿ! ಈಗ ಕನ್ನಡದಲ್ಲಿ ನಾವೂ ಆಳು ಮಾಡಬೇಕಾ? ‘ಕಪ್ಪು ಸೈನಿಕರು’ ಸಾಕು.

> ಆಳು ಅಂದರೆ ಇವತ್ತು ಕೂಲಿಯವನೇ

ಹಳಗನ್ನಡದಲ್ಲಿ ಆಳ್ ಅಂದರೆ ಯೋಧ. ವೀರಗಲ್ಲು ಓದಿ ಬಂದು ಮಾತಾಡಿ.

ಫೋಟೋ ನೋಡುವವರು ವೀರಗಲ್ಲು ಓದಿಕೊಂಡು ಬರುವುದಿಲ್ಲ ಸ್ವಾಮಿ. ಅಂದ ಹಾಗೆ ಕಂಚು ಕೂಡ ಸಂಸ್ಕೃತದ ಕಾಂಸ್ಯದಿಂದ ಬಂದದ್ದು, ಅದನ್ನೂ ಬಿಡಿಸುತ್ತೀರಾ? ಕರುನಾಡು ಅಂದರೆ ಎತ್ತರದ ನಾಡು ಅನ್ನುವವರೂ ಇದ್ದಾರೆ.

ತದ್ಭವ ಬೇರೆ, ಎರವಲು ಬೇರೆ. ಇಷ್ಟೂ ಗೊತ್ತಿಲ್ಲದವರ ಜೊತೆ ಚರ್ಚೆ ಬೇಡ.

‘ಕಪ್ಪು ಸೈನಿಕರು’ ಎಂದೇ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್. ‘ರೆಜಿಮೆಂಟ್’ ಹಾಗೇ ಇಟ್ಟಿದ್ದೇನೆ.

ರೆಜಿಮೆಂಟ್ ಯಾಕೆ? ‘ದಂಡು’ ಇಲ್ಲವಾ?

ದಂಡು ಸಂಸ್ಕೃತದ ದಂಡ.