ಪಾರ್ಕಿನ್‌ಸನ್ ಇರುವವರಿಗೆ ಡಾನ್ಸ್ ಕ್ಲಾಸ್: ಸೇರಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ (ಬಸವನಗುಡಿ): ತಂದೆಯವರಿಗೆ 68 ವರ್ಷ, ಪಾರ್ಕಿನ್‌ಸನ್ ಗೊತ್ತಾಗಿ ನಾಲ್ಕು ವರ್ಷ. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ. ನರರೋಗ ವೈದ್ಯರು ಡಾನ್ಸ್ ಕ್ಲಾಸಿಗೆ ಒಪ್ಪಿದ್ದಾರೆ. ಯಾವುದಕ್ಕೆ ಸೇರಿಸಲಿ? ತಿಳಿದವರು ಹೇಳಿ.

ಫಿಸಿಯೋಥೆರಪಿಸ್ಟ್: ಮೊದಲು ಕ್ಲಾಸಿನ ವೇಳೆ ನೋಡಿ, ಯಾವ ನೃತ್ಯ ಅನ್ನುವುದು ಆಮೇಲಿನ ಮಾತು. ಪಾರ್ಕಿನ್‌ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ನುಂಗಿದ 30ರಿಂದ 60 ನಿಮಿಷಕ್ಕೆ ಹೆಚ್ಚಿನವರಿಗೆ ಮೈ ಸಡಿಲವಾಗುತ್ತದೆ. ಕ್ಲಾಸ್ ಆ ಹೊತ್ತಿಗೇ ಶುರುವಾಗಬೇಕು. ಮಾತ್ರೆ ಕೊಟ್ಟು ಬಸವನಗುಡಿಯಿಂದ ವೈಟ್‌ಫೀಲ್ಡಿಗೆ ಹೊರಟರೆ ಅದರ ಬಲ ಟ್ರಾಫಿಕ್ಕಿನಲ್ಲೇ ಕರಗುತ್ತದೆ. ದೂರದ ಹೆಸರುವಾಸಿ ಕ್ಲಾಸಿಗಿಂತ ಪಕ್ಕದ ಬೀದಿಯದೇ ಮೇಲು. ಮೊಟ್ಟೆ, ಪನೀರ್, ಬೇಳೆ ಹೆಚ್ಚಿರುವ ತಿಂಡಿಯ ಜೊತೆ ಮಾತ್ರೆ ಬಿದ್ದರೆ ಕೆಲವರಿಗೆ ಅದು ಸರಿಯಾಗಿ ಹತ್ತುವುದಿಲ್ಲ. ವೇಳೆ ಬದಲಿಸುವುದಿದ್ದರೆ ವೈದ್ಯರನ್ನೇ ಕೇಳಿ. ಕ್ಲಾಸಿಗೋಸ್ಕರ ಡೋಸ್ ಹೆಚ್ಚಿಸಬೇಡಿ. ಕೂತಿದ್ದವರು ಎದ್ದಾಗ ಬಿಪಿ ಇಳಿದು ತಲೆ ಸುತ್ತಬಹುದು, ಎದ್ದ ಮೇಲೆ ಅರ್ಧ ನಿಮಿಷ ಕುರ್ಚಿ ಹಿಡಿದು ನಿಲ್ಲಲಿ.

ಭರತನಾಟ್ಯ ಶಿಕ್ಷಕಿ: ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ ಡೋಪಮೈನ್ ಕಡಿಮೆಯಾದಾಗ ಹೆಜ್ಜೆಗೆ ಒಳಗಿನಿಂದ ಬರಬೇಕಾದ ಸೂಚನೆ ಸೊರಗುತ್ತದೆ. ಹೊರಗೆ ಕೇಳುವ ತಟ್ಟು ಆ ಜಾಗಕ್ಕೆ ನಿಲ್ಲುತ್ತದೆ, ತಾಳದಿಂದ ಲಾಭ ಇದೇ. ಆದಿತಾಳದ ಎಂಟು ಎಣಿಕೆ ಸಾಕು, ಏಳು ಎಣಿಕೆಯ ಮಿಶ್ರಚಾಪು ಬೇಡ. ತಂದೆಯವರು ಸಹಜವಾಗಿ ನಡೆಯುವಾಗ ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ, ತಟ್ಟನ್ನು ಅಷ್ಟಕ್ಕೇ ಇಡಲು ಹೇಳಿ. ವೇಗ ಮೀರಿದರೆ ಹೆಜ್ಜೆ ಚಿಕ್ಕದಾಗುತ್ತಾ ಹೋಗಿ ಮುಂದಕ್ಕೆ ಮುಗ್ಗರಿಸುತ್ತಾರೆ.

ಅರೆಮಂಡಿ, ಅಂದರೆ ಮಂಡಿ ಮಡಚಿ ಅರ್ಧ ಕೂತ ಭಂಗಿ, ಖಂಡಿತ ಬೇಡ. ಮಂಡಿ ಮಡಚಿ ನಿಲ್ಲುವುದು ಈ ಕಾಯಿಲೆಯದೇ ಲಕ್ಷಣ, ಅದನ್ನೇ ಯಾಕೆ ಅಭ್ಯಾಸ ಮಾಡಿಸುವುದು? ನೆಟ್ಟಗೆ ನಿಂತು ಮೆಲ್ಲಗೆ ತಟ್ಟಡವು (ಪಾದ ಎತ್ತಿ ತಟ್ಟುವ ಮೊದಲ ಪಾಠ) ಮಾಡಿಸಿದರೆ ಪಾದ ಎಳೆಯುವ ಬದಲು ಎತ್ತಿ ಊರುವುದು ರೂಢಿಯಾಗುತ್ತದೆ. ಅರಳಿದ ತಾವರೆಯ ಹಸ್ತಮುದ್ರೆ ಅಲಪದ್ಮದಲ್ಲಿ ಬೆರಳು ಪೂರ್ತಿ ಬಿಚ್ಚಿಕೊಳ್ಳುತ್ತವೆ. ಮುಖ ಬಿಗಿದಿರುವವರಿಗೆ ಅಭಿನಯ ತುಂಬಾ ಒಳ್ಳೆಯದು, ಇದನ್ನು ಬಿಡಬೇಡಿ. ಮೊದಲ 20 ನಿಮಿಷ ಕೂತೇ ಮಾಡಿಸುವ ಕ್ಲಾಸ್ ಹುಡುಕಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಿಂದ ಪಾರ್ಕಿನ್‌ಸನ್ ಇರುವವರಿಗೆ ನಡೆಸುತ್ತಿರುವ ತರಗತಿಗಳೂ ಕುರ್ಚಿಯಲ್ಲೇ ಶುರುವಾಗುತ್ತವೆ.

ಆರೈಕೆ ಮಾಡುವವರು: ಸೇರಿಸುವ ಮುಂಚೆ ಒಂದು ದಿನ ಹೋಗಿ ಕೂತು, ತಿರುಗುವುದನ್ನು ಹೇಗೆ ಕಲಿಸುತ್ತಾರೆ ನೋಡಿ. ಒಂದೇ ಕಾಲಿನ ಮೇಲೆ ಗಿರಕ್ಕನೆ ತಿರುಗಿಸಿದರೆ ಕಾಲು ತೊಡರುತ್ತದೆ. ಎಂಟು ಎಣಿಕೆಗೆ ಅಗಲವಾದ ಅರ್ಧಸುತ್ತು ಹಾಕಿಸಬೇಕು. ಕಾಲು ಅಂಟಿದಾಗ ಕೈ ಹಿಡಿದು ಎಳೆಯಲೇಬೇಡಿ: ಮೈ ಮುಂದೆ ಬರುತ್ತದೆ, ಪಾದ ಬರುವುದಿಲ್ಲ, ಬೀಳುತ್ತಾರೆ. ನಿಲ್ಲಿಸಿ, ಭಾರವನ್ನು ಎಡಕ್ಕೆ ಬಲಕ್ಕೆ ತೂಗಿಸಿ, ಎಣಿಸಿ ಒಂದು ದೊಡ್ಡ ಹೆಜ್ಜೆ ಇಡಿಸಿ. ಮನೆಯ ಬಾಗಿಲ ಬಳಿ ನೆಲಕ್ಕೆ ಬಣ್ಣದ ಟೇಪನ್ನು ಅವರ ಒಂದೊಂದು ಹೆಜ್ಜೆಯ ದೂರಕ್ಕೆ ಅಡ್ಡಡ್ಡ ಅಂಟಿಸಿ, ಗೆರೆ ದಾಟುವಂತೆ ಹೇಳಿ.

ಗ್ರಾನೈಟ್ ನೆಲದ ಮೇಲೆ ಸಾಕ್ಸ್ ಜಾರುತ್ತದೆ, ದಪ್ಪ ರಬ್ಬರ್ ಅಡಿಯ ಶೂ ನೆಲ ಕಚ್ಚಿ ಅವರು ಮುಗ್ಗರಿಸುತ್ತಾರೆ. ಹಿಡಿದು ನಿಲ್ಲಲು ಹಗುರ ಪ್ಲಾಸ್ಟಿಕ್ ಕುರ್ಚಿಯೂ ಆಗದು. ವಾರಕ್ಕೆ ಎರಡು ದಿನ ಕ್ಲಾಸ್, ಉಳಿದ ದಿನ ಮನೆಯಲ್ಲಿ ಅದೇ ತಾಳಕ್ಕೆ 15 ನಿಮಿಷ.