ಮೊದಲು ಕಟ್ಟಡ, ಆಮೇಲೆ ಅನುಮತಿ: ಇದು ನಡೆಯುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರ ಕೆರೆ ಪಕ್ಕ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ. ಪಾಯ ತೆಗೆದು ಒಂದೂವರೆ ವರ್ಷವಾಯಿತು. ಆರ್‌ಟಿಐ ಹಾಕಿದಾಗ ಗೊತ್ತಾಗಿದ್ದು, ಪರಿಸರ ಅನುಮತಿಗೆ ಅರ್ಜಿ ಕೊಟ್ಟಿದ್ದೇ ಮೂರು ತಿಂಗಳ ಹಿಂದೆ. ಅನುಮತಿ ಇನ್ನೂ ಸಿಕ್ಕಿಲ್ಲ. ಹೀಗೆ ಆಮೇಲೆ ಅನುಮತಿ ಕೊಡುವುದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದೆಯಲ್ಲ, ನಾವು ಗೆದ್ದ ಹಾಗೇ ಅಲ್ವಾ?

ಉತ್ತರ (ವಕೀಲರು): ಅಷ್ಟು ಬೇಗ ಸಿಹಿ ಹಂಚಬೇಡಿ. ನೀವು ಹೇಳುತ್ತಿರುವುದು 2025ರ ಮೇ 16ರ ವನಶಕ್ತಿ ತೀರ್ಪು (ವನಶಕ್ತಿ ಅನ್ನುವ ಸಂಸ್ಥೆ ಹಾಕಿದ್ದ ಕೇಸ್). ಅದೇ ವರ್ಷ ನವೆಂಬರ್ 18ರಂದು ಮೂವರ ಪೀಠ ಅದನ್ನು ಹಿಂದಕ್ಕೆ ಪಡೆಯಿತು, ಮತ್ತೆ ವಿಚಾರಣೆ ಆಗಲಿ ಎಂದಿತು. ಮೇ ತೀರ್ಪಿನಲ್ಲಿದ್ದ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಒಬ್ಬರೇ ಒಪ್ಪಲಿಲ್ಲ. ಸಾವಿರಾರು ಕೋಟಿಯ ಕಟ್ಟಡಗಳನ್ನು ಕೆಡವಬೇಕಾಗುತ್ತದೆ ಎನ್ನುವುದು ಉಳಿದಿಬ್ಬರ ಚಿಂತೆ. ಕಟ್ಟಿದವನ ಖರ್ಚೇ ಅವನಿಗೆ ರಕ್ಷಣೆ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯ ಇಟ್ಟುಕೊಂಡು ಕೇಸ್ ನಡೆಯಲ್ಲ.

ನಿಮ್ಮ ಕೈಯಲ್ಲಿರುವುದು ಪರಿಸರ ಅನುಮತಿ ಯಾವುದಕ್ಕೆ ಬೇಕು ಎಂದು ಹೇಳುವ, ಕೇಂದ್ರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್, ಅಂದರೆ ಸುಮಾರು 2.15 ಲಕ್ಷ ಚದರಡಿ ಮುಟ್ಟಿದರೆ ಕೆಲಸ ಶುರುವಾಗುವ ಮೊದಲೇ ಅನುಮತಿ ಬೇಕು. "ಊರವರ ಅಹವಾಲು ಕೇಳಲಿಲ್ಲ" ಅಂತ ಮಾತ್ರ ವಾದಿಸಬೇಡಿ. ಇಂಥ ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಇದೆ.

ಅವಧಿಯ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಪರಿಸರದ ಕೇಸುಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ, ನಮಗೆ ಚೆನ್ನೈ ಪೀಠ, ಪರಿಸರ ವ್ಯಾಜ್ಯ ಎಂದು ಹಾಕುವ ಸೆಕ್ಷನ್ 14ರ ಅರ್ಜಿಗೆ ಇರುವುದು 6 ತಿಂಗಳು, ಕಾರಣ ಕೊಟ್ಟರೆ ಇನ್ನೂ 60 ದಿನ. ಪಾಯದ ದಿನದಿಂದ ಲೆಕ್ಕ ಹಾಕಿದರೆ ಆ ಬಾಗಿಲು ಮುಚ್ಚಿದೆ ಎಂದೇ ಎದುರಿನವರು ವಾದಿಸುತ್ತಾರೆ. ಹಾಳಾದದ್ದನ್ನು ಸರಿಪಡಿಸಿ ಎಂದು ಕೇಳುವ ಸೆಕ್ಷನ್ 15ಕ್ಕೆ 5 ವರ್ಷ ಇದೆ. ನಾಳೆ ಅನುಮತಿ ಕೊಟ್ಟೇಬಿಟ್ಟರೆ ಮೇಲ್ಮನವಿಗೆ 30 ದಿನ, ಜಾಸ್ತಿ ಅಂದರೆ ಇನ್ನೂ 60. ತೊಂಬತ್ತೊಂದನೇ ದಿನ ಹೋದರೆ ತಗೊಳ್ಳಲ್ಲ. ಪರಿಸರ ಅನುಮತಿಯ ಅರ್ಜಿ, ಆದೇಶಗಳು ಸಿಗುವ ಸರ್ಕಾರದ ಪರಿವೇಶ್ ಜಾಲತಾಣ ನೋಡುತ್ತಲೇ ಇರಿ. ಈ ಅನುಮತಿ ಕೊಡುವ ರಾಜ್ಯದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ ಈಗಲೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳನ್ನು ತಾರೀಖಿನ ಸಮೇತ ಉಳಿಸಿಡಿ.

ಇನ್ನೊಬ್ಬ ಸದಸ್ಯರು: ಇಂಥವರಿಗೆ ಜೈಲಾಗಲ್ವಾ ಮೇಡಂ?

ಉತ್ತರ: ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು 5 ವರ್ಷದವರೆಗೆ ಜೈಲಿತ್ತು. ಜನ ವಿಶ್ವಾಸ್ ತಿದ್ದುಪಡಿ ಬಂದಮೇಲೆ, 2024ರ ಏಪ್ರಿಲ್ 1ರಿಂದ, ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷದವರೆಗೆ ದಂಡ. ದಂಡ ಕಟ್ಟದಿದ್ದರೆ ಮಾತ್ರ ಜೈಲಿನ ಮಾತು. ದೊಡ್ಡ ಬಿಲ್ಡರ್‌ಗೆ ಹದಿನೈದು ಲಕ್ಷ ಯಾವ ಲೆಕ್ಕ ಹೇಳಿ.

ಪ್ರಶ್ನೆ ಕೇಳಿದವರು: ಮೇಡಂ, ಪಂಚಾಯಿತಿಯಲ್ಲಿರುವ ನಕ್ಷೆ ತೆಗೆಸಿದೆ. ಅದರಲ್ಲಿ 19,800 ಚದರ ಮೀಟರ್ ಅಂತಿದೆ!

ಉತ್ತರ: ಹಾಗಿದ್ದರೆ ಅನುಮತಿಗೆ ಅರ್ಜಿ ಹಾಕಿದ್ದು ಯಾಕೆ? ಒಂದೇ ಯೋಜನೆಯನ್ನು ಎರಡು ಹಂತ ಅಂತ ತುಂಡು ಮಾಡಿರಬಹುದು. ಅರ್ಜಿಯ ಪ್ರತಿ ತೆಗೆಸಿ, ಪಕ್ಕದ ಸರ್ವೆ ನಂಬರ್‌ಗಳ ಪಹಣಿ ಯಾರ ಹೆಸರಲ್ಲಿದೆ ನೋಡಿ. ಎರಡೂ ಸಿಕ್ಕಿದ ಮೇಲೆ ಇಲ್ಲೇ ಬರೆಯಿರಿ.